ಮೂರನೇ ದರ್ಜೆಯ ಕೆರೆ

ಅಂತೋಣಪ್ಪನಿಗೆ ಆ ವರ್ಷ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಕೂರಲು ಒಂದು ಜಾಗ. ಮೂವತ್ತೊಂದು ವರ್ಷ ಮೈಸೂರಿನ ಕೆರೆ ಮರಾಮತ್ ಕಚೇರಿಯ ಓವರ್‌ಸಿಯರ್ ಆಗಿ ಊರ ಸುತ್ತಲಿನ ಏರಿಗಳ ಮೇಲೆ ನಡೆದು ನಡೆದು ಅವನ ಮಂಡಿಗಳು ಅವನಿಗಿಂತ ಮೊದಲೇ ಪೆನ್ಶನ್ ತೆಗೆದುಕೊಂಡಿದ್ದವು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇನ್ನೊಂದು ವರ್ಷ ಹೇಗೋ ತಳ್ಳಿದರೆ, ಚರ್ಚಿನ ಹಿಂದಿನ ಓಣಿಯ ಬಾಡಿಗೆ ಕೋಣೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಆಮೇಲೆ ನೀರಿನ ಸಹವಾಸ ಕುಡಿಯುವುದಕ್ಕೆ ಮಾತ್ರ ಎಂದು ತೀರ್ಮಾನಿಸಿಕೊಂಡಿದ್ದ. ಅಂಥ ಹೊತ್ತಿನಲ್ಲಿ, ಸಾವಿರದ ಒಂಬೈನೂರ ಹದಿಮೂರನೇ ಇಸವಿಯ ಬೇಸಿಗೆಯ ಬಾಯಲ್ಲಿ, ಹೊಸ ಹುಕುಂ ಬಂತು.

ದೂರದ ಯಾವುದೋ ತಾಲ್ಲೂಕಿನಲ್ಲಿ ಹಿಂದಿನ ಮಳೆಗಾಲ ಒಂದು ಕೆರೆ ಒಡೆದು ಹನ್ನೊಂದು ಜನ ಹೋಗಿದ್ದರು. ಹನ್ನೊಂದು ಜನ ಹೋದ ಮೇಲೆ ಸರ್ಕಾರಕ್ಕೆ ಎಚ್ಚರವಾಗುತ್ತದೆ. ಎಚ್ಚರವಾದ ಸರ್ಕಾರ ಮೊದಲು ಮಾಡುವ ಕೆಲಸ ಜಾಬಿತಾ, ಅಂದರೆ ಪಟ್ಟಿ, ತಯಾರಿಸುವುದು. ಇನ್ನು ಮುಂದೆ ಪ್ರತಿಯೊಂದು ಕೆರೆಗೂ ದರ್ಜೆ ಕೊಡಬೇಕು. ಏರಿಯ ಕೆಳಗೆ ಅರ್ಧ ಮೈಲಿಯೊಳಗೆ ಒಂದೇ ಒಂದು ಮನೆ ಇದ್ದರೂ ಅದು ಒಂದನೇ ದರ್ಜೆ. ಅಂಥ ಕೆರೆಗೆ ಮಳೆಗೆ ಮುಂಚೆ ರಿಪೇರಿ, ಮಳೆಗಾಲದುದ್ದಕ್ಕೂ ಕಾವಲು, ವರ್ಷಕ್ಕೊಮ್ಮೆ ಎಂಜಿನಿಯರ್ ಸಾಹೇಬರು ಖುದ್ದಾಗಿ ಬಂದು ನೋಡಿ ರುಜು ಹಾಕಬೇಕು. ಬರೀ ಬೆಳೆ ಇದ್ದರೆ ಎರಡನೇ ದರ್ಜೆ. ಏನೂ ಇಲ್ಲದಿದ್ದರೆ ಮೂರನೇ ದರ್ಜೆ. ಐದು ವರ್ಷಕ್ಕೊಮ್ಮೆ ಯಾರಾದರೂ ಹೋಗಿ ಕೆರೆ ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಂಡು ಬಂದರಾಯಿತು.

ಮನೆ ಎಂದರೇನು ಎಂಬುದನ್ನೂ ಹುಕುಮಿನಲ್ಲಿ ಬಿಡಿಸಿ ಹೇಳಿದ್ದರು. ದನದ ಕೊಟ್ಟಿಗೆ, ಕಣದ ಗುಡಿಸಲುಗಳನ್ನೆಲ್ಲ ಸೇರಿಸಿ ಯಾರೂ ಲೆಕ್ಕ ಉಬ್ಬಿಸಬಾರದಲ್ಲ! ಆದ್ದರಿಂದ ಮನೆಯೆಂದರೆ ಬಾಗಿಲಿಗೆ ಹೊಸ್ತಿಲು ಇಟ್ಟು ಜನ ವಾಸ ಮಾಡುವ ಕಟ್ಟಡ. ಬರೆದವರು ದಡ್ಡರೇನಲ್ಲ. ಈ ಸೀಮೆಯಲ್ಲಿ ಎಂಥ ಬಡವನೂ ಹೊಸ್ತಿಲಿಲ್ಲದೆ ಮನೆ ಕಟ್ಟುವುದಿಲ್ಲ. ಬಿದರಕಟ್ಟೆಯ ಕೆಳಗಿನ ಕ್ಯಾಂಪು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅಂತೋಣಪ್ಪನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಆ ಜಾಗ ಗುರುತು ಮಾಡಿದವನೇ ಅವನು. ಹದಿನಾಲ್ಕು ವರ್ಷದ ಹಿಂದೆ ಊರಿಗೆ ಪ್ಲೇಗು ಬಿದ್ದಾಗ ಓಣಿ ಓಣಿಗಳನ್ನೇ ಖಾಲಿ ಮಾಡಿಸಿ ಜನರನ್ನು ಹೊರಗೆ ಸಾಗಿಸುತ್ತಿದ್ದರು. ಸಂಜೆಯೊಳಗೆ ಜೋಪಡಿ ಹಾಕಲು ಜಾಗ ತೋರಿಸು ಎಂದು ಮೇಲಿನವರು ಇವನ ತಲೆಯ ಮೇಲೆ ಕೂತರು. ವಿದ್ಯಾರಣ್ಯಪುರದಾಚೆ ನಂಜನಗೂಡು ರಸ್ತೆಯ ಮಗ್ಗುಲಿಗೆ ಬಿದರಕಟ್ಟೆ ಕೆರೆ. ಆ ವರ್ಷ ಅದರಲ್ಲಿ ಹನಿ ನೀರಿರಲಿಲ್ಲ. ಏರಿಯ ಕೆಳಗೆ ಸಮನಾದ, ಒಣಗಿದ ಗರಸು ನೆಲ, ಪಕ್ಕದಲ್ಲೇ ಒಂದು ಬಾವಿ. ಇಷ್ಟು ಒಳ್ಳೆಯ ಜಾಗ ಸಿಕ್ಕಿತಲ್ಲ ಎಂದು ಹಿಗ್ಗಿ ಗೂಟ ಹೊಡೆಸಿದ. ಒಣಗಿದ ಕೆರೆಯ ಕೆಳಗೆ ನಿಂತವನಿಗೆ ಏರಿ ಬರೀ ದಿಬ್ಬವಾಗಿ ಕಾಣುತ್ತದೆ, ಹದಿನೇಳು ವರ್ಷದ ಓವರ್‌ಸಿಯರನಿಗೂ ಕೂಡ. ಆ ಜೋಪಡಿಗಳಲ್ಲಿ ಒಂದಕ್ಕೆ ತನ್ನ ಒಡಹುಟ್ಟಿದ ತಂಗಿ ಲೂರ್ದಮ್ಮನನ್ನೇ ಕರೆತಂದು ಬಿಟ್ಟ.

ಪ್ಲೇಗು ಹೋಯಿತು. ಊರೊಳಗಿನ ಹಳೆಯ ಓಣಿಗಳನ್ನು ಕೆಡವಿ ರಸ್ತೆ ಅಗಲ ಮಾಡಿದರು. ಹೋಗಲು ಮನೆಯಿಲ್ಲದ ನಲವತ್ತೊಂದು ಕುಟುಂಬಗಳು ಅಲ್ಲೇ ಉಳಿದವು. ತಡಿಕೆ ಹೋಗಿ ಮಣ್ಣಿನ ಗೋಡೆ ಬಂತು, ಸೋಗೆ ಹೋಗಿ ನಾಡಹೆಂಚು ಬಂತು, ಹಿತ್ತಲಲ್ಲಿ ನುಗ್ಗೆಮರ ಎದ್ದಿತು. ಹೊಸ್ತಿಲು ಮಾತ್ರ ಬರಲಿಲ್ಲ. ಮಾರಿ ಹೊಸ್ತಿಲು ನೋಡಿಕೊಂಡೇ ಮನೆ ಗುರುತು ಹಿಡಿಯುತ್ತಾಳೆ, ಕ್ಯಾಂಪಿನಲ್ಲಿ ಹೊಸ್ತಿಲು ಇಟ್ಟರೆ ಅಲ್ಲಿಗೂ ಬರುತ್ತಾಳೆ ಎಂದು ಮೊದಲ ವಾರವೇ ಯಾರೋ ಹೇಳಿದ್ದರು. ಯಾರು ಹೇಳಿದರೆಂದು ಈಗ ಯಾರಿಗೂ ನೆನಪಿಲ್ಲ. ಮಳೆ ಬಂದರೆ ನೀರು ನೆಟ್ಟಗೆ ಒಳಕ್ಕೆ, ಕೋಳಿಗಳು ತಮ್ಮ ಮನೆಯೋ ಪರರ ಮನೆಯೋ ನೋಡದೆ ಒಳಕ್ಕೆ, ಅಂಬೆಗಾಲಿನ ಕೂಸುಗಳು ಸರಾಗವಾಗಿ ಹೊರಕ್ಕೆ. ಆದರೂ ಇಡಲಿಲ್ಲ. ಕ್ಯಾಂಪಿನ ಕಿರಿಸ್ತಾನರೂ ಇಡಲಿಲ್ಲ. ಪಾದ್ರಿಗಳು ಬೈದರು, ಇವರು ತಲೆ ತಗ್ಗಿಸಿ ಬೈಸಿಕೊಂಡರು, ಬಾಗಿಲು ಹಾಗೇ ಇತ್ತು.

ಈ ನಡುವೆ ಕೆರೆ ಮಾತ್ರ ತುಂಬತೊಡಗಿತ್ತು. ಮೂರು ವರ್ಷದಿಂದ ತೂಬಿನ ಪಕ್ಕ, ಏರಿಯ ಬುಡದಲ್ಲಿ, ಒಂದು ಕಡೆ ನೆಲ ಒದ್ದೆಯಾಗೇ ಇರುತ್ತಿತ್ತು. ಅಂತೋಣಪ್ಪ ಮೂರು ಸಲ ಕಾಗದ ಬರೆದ. ಮೂರನೆಯದಕ್ಕೆ ಉತ್ತರ ಬಂತು: ಕೆರೆಯ ದರ್ಜೆ ನಿಶ್ಚಯವಾಗುವ ತನಕ ರಿಪೇರಿಯ ಪ್ರಸ್ತಾಪ ತರಕೂಡದು.

ಹಾಗಾಗಿ ಹುಕುಂ ಓದಿದ ದಿನ ಅವನಿಗೆ ಆಯಾಸದ ನಡುವೆಯೂ ಒಂದು ಬಗೆಯ ಖುಷಿಯಾಯಿತು. ಮಾಡಿದ ತಪ್ಪನ್ನು ಪೆನ್ಶನ್ನಿಗೆ ಮುಂಚೆ ಸರಿ ಮಾಡಿಬಿಡಬಹುದು. ನಲವತ್ತೊಂದು ಹೊಸ್ತಿಲು ಇಡಿಸಿದರೆ ನಲವತ್ತೊಂದು ಮನೆ, ಒಂದನೇ ದರ್ಜೆ, ಏರಿ ರಿಪೇರಿ. ಈಸ್ಟರ್ ಕಳೆದ ಮಾರನೆಯ ದಿನವೇ ಕೊಡೆ ಹಿಡಿದು ಕ್ಯಾಂಪಿಗೆ ಹೊರಟ.

ಕ್ಯಾಂಪಿನ ಬಾಯಿ ಕೆಂಚಮ್ಮ. ಊರಲ್ಲಿ ಸೊಪ್ಪು ಮಾರುವವಳು, ಲೂರ್ದಮ್ಮನ ಪಕ್ಕದ ಮನೆಯವಳು. ಎಲ್ಲ ಕೇಳಿಸಿಕೊಂಡು ಅವಳು ಮೂಗಿನ ಮೇಲೆ ಬೆರಳಿಟ್ಟಳು.

"ಅಲ್ಲಾ ಸ್ವಾಮಿ, ನಾವು ಇಷ್ಟ್ ಜನ ಕಣ್ಣೆದ್ರಿಗೆ ನಿಂತಿದೀವಿ. ಹೊಸ್ಲಿಲ್ಲ ಅಂದ್ರೆ ನಾವೂ ಇಲ್ವಾ?"

"ಇಲ್ಲ ಕಣಮ್ಮ."

"ಹೊಸ್ಲು ಮಡಗಿದ್ರೆ?"

"ಇದ್ದೀರ."

"ಅಯ್ಯೋ ಶಿವನೇ! ಅಂಗಾದ್ರೆ ಮಡಗುವ ಬುಡಿ. ಮಾರಿ ಬಂದ್ರೆ ನಿಮ್ ಸರ್ಕಾರದೋರ ಅಡ್ರೆಸ್ ಕೊಟ್ಬುಡ್ತೀವಿ."

ಒಂದು ವಾರ ಕ್ಯಾಂಪಿನಲ್ಲಿ ಬಡಗಿ ಕೆಲಸವೋ ಕೆಲಸ. ಕೆಲವರು ಹುಣಸೆ ಮರದ ತುಂಡು ತಂದರು, ಕೆಲವರು ಮುರಿದ ಗಾಡಿಯ ಹಲಗೆ ತಂದರು, ಒಬ್ಬ ಕಲ್ಲುಕುಟಿಗ ಎರಡು ದಿನ ಕೂತು ತನಗೊಂದು ಚಪ್ಪಡಿಯನ್ನೇ ಕೆತ್ತಿಕೊಂಡ. ಅರಿಸಿನ ಕುಂಕುಮ ಹಚ್ಚುವವರು ಹಚ್ಚಿದರು, ತೀರ್ಥ ಚಿಮುಕಿಸುವವರು ಚಿಮುಕಿಸಿದರು. ಹೊಸದರಲ್ಲಿ ಎಲ್ಲರೂ ಎಡವಿದರು. ಎಡವಿ ಎಡವಿ ನಕ್ಕರು.

ಕಡೆಗೆ ಉಳಿದವಳು ಲೂರ್ದಮ್ಮ. ಸೇವಿಗೆ ಹೊಸೆದು ಮಾರಿ ಒಬ್ಬಳೇ ಬದುಕುತ್ತಿದ್ದ ಹೆಂಗಸು, ಮಾತು ಕಡಿಮೆ. ಆಗಲ್ಲ ಎಂದಳು. ಅಂತೋಣಪ್ಪ ಬೇಡಿದ, ಗದರಿದ, ನಾಲ್ಕು ದಿನ ನಡೆದು ಬಂದು ಹೋದ. ಐದನೆಯ ದಿನ ಅವನ ಕುಂಟು ನೋಡಲಾರದೆಯೋ ಏನೋ, ಏನಾದರೂ ಮಾಡಿಕೋ ಹೋಗು ಎಂದಳು. ಅವನೇ ಒಂದು ಜಾಲಿ ಮರದ ಹಲಗೆಯನ್ನು ಹೊತ್ತು ತಂದು ಕೂರಿಸಿ ಮಣ್ಣು ಮೆತ್ತಿದ. ನಲವತ್ತೊಂದು ಮನೆ ಎಂದು ಬರೆದು, ಕೆಳಗೆ ರುಜು ಹಾಕಿ, ಕಾಗದ ಕಳಿಸಿ, ಆ ರಾತ್ರಿ ಗಡದ್ದಾಗಿ ನಿದ್ದೆ ಹೊಡೆದ.

ಮೂವತ್ತೊಂದು ವರ್ಷ ಕಚೇರಿಯ ಅನ್ನ ತಿಂದವನಿಗೆ ಮುಂದಿನದು ಹೊಳೆಯಬೇಡವೇ? ಹೊಳೆಯಲಿಲ್ಲ. ಆಸೆ ಹುಟ್ಟಿದಾಗ ಮುದುಕರೂ ಎಳೆಯರಂತೆ ಆಡುತ್ತಾರೆ.

ಉತ್ತರ ಬರಲು ಆಗಸ್ಟ್ ಆಯಿತು. ಹೆಡ್ ಗುಮಾಸ್ತ ಗೋವಿಂದರಾಜು, ಇವನ ಓರಗೆಯವನೇ, ಕಾಗದವನ್ನು ಓದಿ ಹೇಳದೆ ಸುಮ್ಮನೆ ಇವನ ಕಡೆ ಸರಿಸಿದ. ಪ್ಲೇಗಿನ ಕಾಲಕ್ಕೆಂದು ತಾತ್ಕಾಲಿಕವಾಗಿ ಬಿಟ್ಟುಕೊಟ್ಟ ಸರ್ಕಾರಿ ನೆಲದಲ್ಲಿ ಅಪ್ಪಣೆಯಿಲ್ಲದೆ ಖಾಯಂ ಮನೆಗಳಾಗಿರುವುದು ಓವರ್‌ಸಿಯರನ ವರದಿಯಿಂದ ತಿಳಿದುಬಂದಿದೆ. ಮನೆಗಳನ್ನು ತೆಗೆಸಿದರೆ ಕೆರೆ ಮೂರನೇ ದರ್ಜೆಗೆ ಇಳಿಯುವುದರಿಂದ ರಿಪೇರಿಯ ಅಗತ್ಯ ಬೀಳುವುದಿಲ್ಲ. ದಸರೆಯ ರಜೆಗೆ ಮುಂಚೆ ಎಲ್ಲರನ್ನೂ ಕಡಕೊಳದಾಚೆಯ ಬಂಜರಿಗೆ ಸಾಗಿಸತಕ್ಕದ್ದು.

ಅಂತೋಣಪ್ಪ ಕಾಗದವನ್ನು ಎರಡು ಸಲ ಓದಿದ. ಆಮೇಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ.

"ನಾನೇ ಹಿಡಿದುಕೊಟ್ಟಂಗಾಯ್ತಲ್ರೀ," ಎಂದ.

"ಇನ್ನೇನು ಮತ್ತೆ," ಎಂದ ಗೋವಿಂದರಾಜು. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡ. "ಒಂದು ದಾರಿ ಇದೆ ಕಣ್ರೀ. ಮೊದಲಿನ ಎಣಿಕೆ ತಪ್ಪು, ಹೊಸ್ತಿಲು ಇರುವ ಮನೆ ಒಂದೂ ಇಲ್ಲ ಅಂತ ಬರೆದು ಕೊಡಿ. ಅಸಿಸ್ಟೆಂಟ್ ಎಂಜಿನಿಯರ್ ಸೋಮವಾರ ನೋಡೋಕೆ ಬರ್ತಾರೆ. ಅವರು ಬರೋ ಹೊತ್ತಿಗೆ ಹೊಸ್ತಿಲು ಇರಬಾರದು. ಮನೆಯೇ ಇಲ್ಲ ಅಂದ್ಮೇಲೆ ತೆಗೆಸೋದೇನು, ಜನ ಉಳೀತಾರೆ."

"ಏರಿ?"

ಗೋವಿಂದರಾಜು ಕನ್ನಡಕ ಹಾಕಿಕೊಂಡು ಬೇರೆ ಕಾಗದ ತೆಗೆದ.

ಶನಿವಾರ ಕ್ಯಾಂಪಿನ ಬಾವಿಯ ಕಟ್ಟೆಯ ಮೇಲೆ ಕೂತು ಅಂತೋಣಪ್ಪ ಒಂದನ್ನೂ ಮುಚ್ಚಿಡದೆ ಹೇಳಿದ. ಹೊಸ್ತಿಲು ಉಳಿಸಿಕೊಂಡರೆ ಕಡಕೊಳ. ಕಿತ್ತರೆ ಇಲ್ಲೇ ಇರಬಹುದು, ಆದರೆ ಏರಿಯನ್ನು ಯಾರೂ ಮುಟ್ಟುವುದಿಲ್ಲ, ಅದು ಜಿನುಗುತ್ತಿದೆ, ಒಂದು ಜೋರು ಮಳೆಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಕಡಕೊಳದಾಚೆ ಎಂದರೆ ಎಂಟು ಮೈಲಿ, ಬರೀ ಕಲ್ಲುನೆಲ. ಅಲ್ಲಿಂದ ದಿನಾ ಮೈಸೂರಿಗೆ ಸೊಪ್ಪು ಹೊತ್ತು ತರುವುದಾಗಲಿ, ಗಾರೆ ಕೆಲಸಕ್ಕೆ ಬರುವುದಾಗಲಿ ಆಗದ ಮಾತು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆಂಚಮ್ಮ ಬಹಳ ಹೊತ್ತು ಏರಿಯನ್ನೇ ನೋಡಿದಳು. ಅವಳ ಬಾಯಲ್ಲೂ ಅವತ್ತು ಕುಚೋದ್ಯವಿರಲಿಲ್ಲ.

"ನೀರು ಬಂದ್ರೂ ಬರ್ಬೌದು, ಬರ್ದೇನೂ ಇರ್ಬೌದು. ಕಡಕೊಳಕ್ಕೆ ಆಕದು ಮಾತ್ರ ಗ್ಯಾರಂಟಿ ಅಲ್ವಾ ಸ್ವಾಮಿ? ಕಿತ್ತಾಕ್ತೀವಿ ಬುಡಿ."

ಭಾನುವಾರ ಸಂಜೆಯ ಹೊತ್ತಿಗೆ ನಲವತ್ತು ಹೊಸ್ತಿಲು ಮೇಲೆದ್ದಿದ್ದವು. ಒಂದು ಏಳಲಿಲ್ಲ. ಲೂರ್ದಮ್ಮ ತನ್ನ ಜಾಲಿ ಹಲಗೆಯ ಮೇಲೆ ಕೂತುಬಿಟ್ಟಿದ್ದಳು. ಹೆಂಗಸರು ಹೇಳಿ ನೋಡಿದರು, ಗಂಡಸರು ರೇಗಿದರು. ಒಂದೇ ಒಂದು ಮನೆ ಇದ್ದರೂ ಒಂದನೇ ದರ್ಜೆ, ಒಬ್ಬಳಿಂದ ಎಲ್ಲರಿಗೂ ಎತ್ತಂಗಡಿ. ಕೊನೆಗೆ ಎಲ್ಲರೂ ಅಂತೋಣಪ್ಪನ ಕಡೆ ತಿರುಗಿದರು. ಇಟ್ಟವನು ನೀನು, ಕೀಳುವವನೂ ನೀನೇ ಎಂಬಂತೆ ಯಾರೋ ಹಾರೆಯನ್ನು ಅವನ ಕೈಗೆ ಕೊಟ್ಟರು.

"ಏಳಮ್ಮ," ಎಂದ. "ಇಡೋಲ್ಲ ಇಡೋಲ್ಲ ಅಂದೋಳು ನೀನೇ. ಈಗ ಕೀಳೋಲ್ಲ ಅಂತೀಯಲ್ಲ!"

ಲೂರ್ದಮ್ಮ ಅವನ ಮುಖ ನೋಡಲಿಲ್ಲ. ನೆಲ ನೋಡಿಕೊಂಡೇ ಹೇಳಿದಳು.

"ಅವತ್ತು ನಮ್ಮನ್ನ ಇಲ್ಲಿಗೆ ತಂದು ಬಿಟ್ಟಾಗ ಎಂಟು ದಿನ ಅಂದಿದ್ದೆ ನೀನು. ಎಂಟು ದಿನ ಇರಮ್ಮ, ಆಮೇಲೆ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ. ಕ್ರಿಸ್ತಿನಾ ಬೆರಳು ಮಡಿಸಿ ಎಣಿಸ್ತಾ ಇದ್ಲು. ಹನ್ನೊಂದನೇ ದಿನ ಕಣ್ಣು ಮುಚ್ಚಿದ್ಲು. ಅಲ್ಲೀವರ್ಗೂ ಮನೆಗೆ ಯಾವಾಗಮ್ಮ, ಮನೆಗೆ ಯಾವಾಗಮ್ಮ ಅಂತ ಒಂದೇ ಮಾತು."

ಅಂತೋಣಪ್ಪನಿಗೆ ತಂಗಿಯ ಆರು ವರ್ಷದ ಆ ಮಗಳ ಮುಖ ಮರೆತಿರಲಿಲ್ಲ. ಎಂಟು ದಿನ ಎಂದದ್ದು ಮಾತ್ರ ಮರೆತುಹೋಗಿತ್ತು. ಆ ದಿನಗಳಲ್ಲಿ ಎಲ್ಲರಿಗೂ ಹಾಗೇ ಹೇಳುತ್ತಿದ್ದ. ಹೇಳದಿದ್ದರೆ ಯಾರೂ ಗಾಡಿ ಹತ್ತುತ್ತಿರಲಿಲ್ಲ.

"ಹದಿನಾಲ್ಕು ವರ್ಷ ಕನಸಲ್ಲೂ ಅದನ್ನೇ ಕೇಳ್ತಿದ್ಲು ಕಣೋ ಅಣ್ಣ. ಈ ಹಲಗೆ ಇಟ್ಟ ದಿನದಿಂದ ಬಂದಿಲ್ಲ. ಮನೆ ಸಿಕ್ತು ಅವಳಿಗೆ. ನಾನು ಕೀಳೋಲ್ಲ."

ಹಾರೆ ಅವನ ಕೈಯಲ್ಲೇ ಉಳಿಯಿತು. ಸುತ್ತ ನಿಂತವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಬೋಳು ಬಾಗಿಲುಗಳ ಕಡೆ ನಡೆದರು. ಕೆಂಚಮ್ಮ ಹೋಗುವಾಗ ಲೂರ್ದಮ್ಮನ ತಲೆ ಮುಟ್ಟಿ ಹೋದಳು. ಅಂತೋಣಪ್ಪ ಕೋಣೆಗೆ ಹಿಂತಿರುಗುವ ದಾರಿಯುದ್ದಕ್ಕೂ ತನ್ನ ಮೇಲೆ ತಾನೇ ಹೇಸಿಕೊಂಡು ನಡೆದ. ಹುಕುಮಿನ ಒಂದೊಂದೇ ಸಾಲನ್ನು ಬಾಯಿಪಾಠ ಮಾಡುವವನಂತೆ ಹೇಳಿಕೊಂಡ. ಹತ್ತನೆಯದೋ ಹನ್ನೊಂದನೆಯದೋ ಸಾಲಿಗೆ ಬಂದಾಗ ರಸ್ತೆಯ ಮಧ್ಯೆ ನಿಂತ.

ಸೋಮವಾರ ಬೆಳಿಗ್ಗೆ ಅಸಿಸ್ಟೆಂಟ್ ಎಂಜಿನಿಯರ್ ಕುದುರೆಗಾಡಿಯಲ್ಲಿ ಬಂದರು. ಹೊಸದಾಗಿ ಓದಿ ಬಂದ ಹುಡುಗುವಯಸ್ಸಿನವರು, ಬೂಟಿಗೆ ಕೆಸರಾದೀತೆಂದು ಹೆಜ್ಜೆ ಆರಿಸಿ ಇಡುತ್ತಿದ್ದರು. ಸಾಲು ಮನೆಗಳ ಬಾಗಿಲುಗಳನ್ನು ನೋಡುತ್ತ ನಡೆದರು. ಕಿತ್ತ ಜಾಗದ ಹಸಿ ಮಣ್ಣು ಕುರುಡನಿಗೂ ಕಾಣುವಂತಿತ್ತು. ಅವರು ಏನೂ ಕೇಳಲಿಲ್ಲ. ಕಡೆಯ ಬಾಗಿಲಿಗೆ ಬಂದು ನಿಂತರು.

"ಇದಕ್ಕೆ ಹೊಸ್ತಿಲಿದೆಯಲ್ಲ?"

"ಇದು ಮನೆಯಲ್ಲ ಸ್ವಾಮಿ," ಎಂದ ಅಂತೋಣಪ್ಪ. "ಕೆರೆ ಕಾವಲು ಚಾವಡಿ. ಇಲಾಖೆಯವರು ಕೆಲಸದ ಮೇಲೆ ಇರುವ ಕಟ್ಟಡವನ್ನ ಎಣಿಸಬಾರದು ಅಂತ ಹುಕುಮಿನಲ್ಲೇ ಇದೆ."

"ಯಾರಿರ್ತಾರೆ ಇಲ್ಲಿ?"

"ನಾನು."

"ಈಕೆ?"

"ನನ್ನ ತಂಗಿ. ಅಡಿಗೆ ಮಾಡಿ ಹಾಕ್ತಾಳೆ."

ಸಾಹೇಬರು ಏರಿಯ ಕಡೆ ನೋಡಿದರು. ಬುಡದ ಒದ್ದೆ ಅಲ್ಲಿಗೇ ಕಾಣುತ್ತಿತ್ತು. "ಜಿನುಗ್ತಾ ಇದೆ," ಎಂದರು ಮೆಲ್ಲಗೆ.

"ಹೌದು ಸ್ವಾಮಿ. ಅದಕ್ಕೇ ಕಾವಲು."

ಎಳೆಯ ವಯಸ್ಸಿನವರಾದರೂ ಅವರೂ ಆಗಲೇ ಸುಸ್ತಾಗಿದ್ದರೆಂದು ತೋರುತ್ತದೆ. ಇನ್ನೂ ಹನ್ನೆರಡು ಕೆರೆ ನೋಡುವುದಿತ್ತು. ಗಾಡಿಯ ಮೆಟ್ಟಿಲ ಮೇಲೆ ಕಾಗದ ಇಟ್ಟು ಬರೆದರು: ಬಿದರಕಟ್ಟೆ, ಮನೆ ಇಲ್ಲ, ಮೂರನೇ ದರ್ಜೆ. ಕೆಳಗೆ ಇಬ್ಬರ ರುಜುವೂ ಬಿತ್ತು. ಎತ್ತಂಗಡಿಯ ಹುಕುಂ ರದ್ದಾಯಿತು. ಕ್ಯಾಂಪು ಉಳಿಯಿತು, ಜೊತೆಗೆ ಜಿನುಗೂ ಉಳಿಯಿತು.

ಬರೆದ ಮೇಲೆ ಇರಬೇಕಲ್ಲ! ಅಂತೋಣಪ್ಪ ಓಣಿಯ ಕೋಣೆ ಬಿಟ್ಟು, ಟ್ರಂಕು ಹಾಸಿಗೆ ತಂದು ತಂಗಿಯ ಮನೆಯ ಮುಂದಿನ ಅಂಕಣದಲ್ಲಿ ಇಟ್ಟುಕೊಂಡ. ಹಗಲು ಕಚೇರಿ; ಬೆಳಿಗ್ಗೆ ಸಂಜೆ ಏರಿಯ ಮೇಲೆ ಒಂದು ನಡಿಗೆ. ಜಗಲಿಯ ಮೇಲೆ ಕಾಲು ಚಾಚುವ ಆಸೆಗೆ ಎಳ್ಳುನೀರು ಬಿಟ್ಟಿದ್ದ.

ಅಕ್ಟೋಬರಿನಲ್ಲಿ ಚಿತ್ತೆ ಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ. ಮೂರನೆಯ ದಿನ ಅಂತೋಣಪ್ಪ ಕಚೇರಿಗೆ ಹೋಗದೆ ಕ್ಯಾಂಪಿನಲ್ಲೇ ಉಳಿದ. ಮಧ್ಯಾಹ್ನ ನೀರುಗಂಟಿ ಚಾಮಯ್ಯ, ಊರ ಕೆರೆಗಳ ತೂಬು ಎತ್ತುವ ಇಳಿಸುವ ಕೆಲಸದವನು, ತೊಯ್ದು ತೊಪ್ಪೆಯಾಗಿ ಓಡಿ ಬಂದ.

"ಓರ್‌ಸೀರಪ್ಪೋರೇ, ಜಿನುಗು ನೀರು ಕೆಂಪಾಗ್ಬುಟ್ಟೈತೆ!"

ತಿಳಿನೀರು ಜಿನುಗಿದರೆ ಏರಿ ಬೆವರುತ್ತಿದೆ ಎಂದರ್ಥ. ಕೆಂಪಾದರೆ ಒಳಗಿನ ಮಣ್ಣೇ ಕರಗಿ ಹೊರಗೆ ಬರುತ್ತಿದೆ ಎಂದರ್ಥ. ಎಲ್ಲರೂ ದಿಬ್ಬಕ್ಕೆ ಹೋಗಿ, ಮಂಡಕಳ್ಳಿ ದಾರಿಯ ದಿಬ್ಬಕ್ಕೆ ಹೋಗಿ ಎಂದು ಕೂಗಿಕೊಳ್ಳುತ್ತ ಅಂತೋಣಪ್ಪ ಗುದ್ದಲಿ ಹಿಡಿದು ಕುಂಟಿಕೊಂಡು ಏರಿಯ ಕಡೆ ನಡೆದ. ಕೂಸುಗಳನ್ನೂ ಮುದುಕರನ್ನೂ ದಿಬ್ಬಕ್ಕೆ ಸಾಗಿಸಿದರು. ಮಿಕ್ಕವರು ಯಾರೂ ಅವನ ಮಾತು ಕೇಳಲಿಲ್ಲ. ಮಂಕರಿ, ಬುಟ್ಟಿ, ಕಬ್ಬಿಣದ ಬಾಣಲೆ, ಕೈಗೆ ಸಿಕ್ಕಿದ್ದು ಹಿಡಿದು ಹಿಂದೆಯೇ ಬಂದರು.

ಚಾಮಯ್ಯ ಮತ್ತು ನಾಲ್ಕು ಜನ ಕೋಡಿಯನ್ನು ಒಂದು ಮೊಳ ಕಡಿದು ನೀರು ಬಳಸಿ ಹೋಗುವಂತೆ ಬಿಟ್ಟರು. ಉಳಿದವರು ಏರಿಯ ಬುಡಕ್ಕೆ ಮೊದಲು ಮರಳು, ಅದರ ಮೇಲೆ ಗರಸು, ಅದರ ಮೇಲೆ ದಪ್ಪ ಕಲ್ಲು, ಅಂತೋಣಪ್ಪ ಹೇಳಿದ ಹಾಗೆ ಹೇಳಿದ ಕ್ರಮದಲ್ಲಿ ಸುರಿದರು. ನೀರು ಬರಲಿ, ಮಣ್ಣು ನಿಲ್ಲಲಿ ಎಂದು ಅವನು ಗಂಟಲು ಹರಿಯುವಂತೆ ಕೂಗುತ್ತಿದ್ದ. ಸಾಲಾಗಿ ನಿಂತು ಬುಟ್ಟಿ ಕೈ ಬದಲಾಯಿಸುತ್ತಿದ್ದವರನ್ನು, ಹಾಳು ಅಭ್ಯಾಸ ನೋಡಿ, ಮನಸ್ಸು ತಾನಾಗಿ ಎಣಿಸತೊಡಗಿತು. ಕೆಂಚಮ್ಮ, ಅವಳ ಇಬ್ಬರು ಸೊಸೆಯರು, ಕಲ್ಲುಕುಟಿಗ, ಲೂರ್ದಮ್ಮ. ನೂರ ಹದಿನೇಳಕ್ಕೆ ಬಂದಾಗ ಎಣಿಸಲು ಆಗಲಿಲ್ಲ. ಇವರು ಯಾರೂ ಇಲ್ಲ ಎಂದು ರುಜು ಹಾಕಿದ ಕೈ ಇದೇ ಎಂದು ನೆನೆದು, ಮಳೆಯಲ್ಲಿ ಯಾರಿಗೂ ತಿಳಿಯದ ಹಾಗೆ ಅತ್ತ.

ಹೊತ್ತು ಮುಳುಗುವ ಹೊತ್ತಿಗೆ ಜಿನುಗು ತಿಳಿಯಾಯಿತು. ಏರಿ ನಿಂತಿತು. ಆ ಮಳೆಗೆ ನಿಂತಿತು ಎನ್ನಬೇಕು. ಮುಂದೆ ಸ್ವಾತಿಯಿತ್ತು, ವಿಶಾಖೆಯಿತ್ತು, ಮುಂದಿನ ವರ್ಷವಿತ್ತು.

ಅಂತೋಣಪ್ಪ ಮೈ ಒರೆಸಿಕೊಂಡು ಒಲೆಯ ಮುಂದೆ ಕೂತ. ಮಂಡಿ ಮಡಿಸಲು ಬರದೆ ಕಾಲು ನೀಡಿಕೊಂಡ. ಲೂರ್ದಮ್ಮ ಮುದ್ದೆ ತಿರುವುತ್ತಿದ್ದಳು. ಅವಳ ಕೈಯಲ್ಲಿ ಬುಟ್ಟಿಯ ಗಾಯಗಳಾಗಿದ್ದವು.

"ನಾನು ಬರೆದದ್ದೆಲ್ಲ ಸುಳ್ಳು ಕಣಮ್ಮ," ಎಂದ. "ಇಷ್ಟು ಜನರ ಜೀವ ಇಟ್ಟುಕೊಂಡು ಸುಳ್ಳು ಬರೆದೆ. ನಿಜ ಬರೆದಾಗ ಅದಕ್ಕಿಂತ ಕೆಟ್ಟದಾಗಿತ್ತು. ಏನು ಬರೀಬೇಕಿತ್ತೋ ಈಗಲೂ ಗೊತ್ತಿಲ್ಲ."

ಲೂರ್ದಮ್ಮ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ಸಾರು ಬಿಟ್ಟಳು.

"ಪೆನ್ಶನ್ ಆದ್ಮೇಲೆ ಓಣಿಗೆ ಹೋಗ್ತೀಯಾ?" ಎಂದು ಕೇಳಿದಳು.

"ಏರಿ ಹೀಗಿರೋವಾಗ ಎಲ್ಲಿಗೆ ಹೋಗ್ಲಿ?"

"ಹಂಗಾದ್ರೆ ಎಷ್ಟು ದಿನ ಇರ್ತೀಯ?"

ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಮೂವತ್ತೊಂದು ವರ್ಷ ನಿಂತ ಕಾಲಲ್ಲಿ ಹೇಳಿದವನು ಅಂತೋಣಪ್ಪ. ಹೊರಗೆ ಮಳೆ ಮತ್ತೆ ಹನಿಯತೊಡಗಿತ್ತು.

"ಗೊತ್ತಿಲ್ಲ ಕಣಮ್ಮ," ಎಂದ.

ಲೂರ್ದಮ್ಮ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅಣ್ಣನ ಮುಖವನ್ನು ನೆಟ್ಟಗೆ ನೋಡಿದಳು.

"ಇದೊಂದು ನಿಜ ಹೇಳ್ದೆ ನೋಡು ನೀನು," ಎಂದು ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು. "ಊಟ ಮಾಡು."